ಕಮೀಲ್ ಜೋರ್ಡನ್

ಕಮೀಲ್ ಜೋರ್ಡನ್ (ಜನವರಿ 5, 1838 – ಜನವರಿ 22, 1922) ಫ್ರಾನ್ಸ್ ದೇಶದ ಗಣಿತಜ್ಞರು ಹಾಗೂ ಗಣಿ ಎಂಜಿನಿಯರ್. ಇವರ ಪೂರ್ಣ ಹೆಸರು ಮರೀ ಎನ್ಮೋಂ ಕಮೀಲ್ ಜೋರ್ಡನ್. ಫ್ರೆಂಚ್ ಉಚ್ಚಾರಣೆಗೆ ಸಮೀಪವಾಗಿ ಕಮೀಯ್ ಜೋರ್ದಾಂ ಎಂದೂ ಬರೆಯಬಹುದು. ಆಧುನಿಕ ಬೀಜಗಣಿತದ ಆಧಾರಸ್ತಂಭವಾದ ಸಂಕುಲ ಸಿದ್ಧಾಂತಕ್ಕೆ, ಅಂದರೆ ಗ್ರೂಪ್ ಥಿಯರಿಗೆ, ಮೀಸಲಾದ ಮೊದಲ ವ್ಯವಸ್ಥಿತ ಗ್ರಂಥವನ್ನು 1870ರಲ್ಲಿ ಪ್ರಕಟಿಸಿದವರು ಇವರು. ಅಕಾಲದಲ್ಲಿ ತೀರಿಹೋದ ಎವಾರಿಸ್ಟ್ ಗಾಲ್ವಾ ಅವರ ಸಂಕ್ಷಿಪ್ತ ಹಾಗೂ ದುರ್ಗಮ ಬರಹಗಳು ಗಣಿತಲೋಕದ ಸಾಮಾನ್ಯ ಆಸ್ತಿಯಾದುದು ಬಹುಮಟ್ಟಿಗೆ ಈ ಗ್ರಂಥದ ಮೂಲಕ. ಜೋರ್ಡನ್ ವಕ್ರರೇಖಾ ಪ್ರಮೇಯ, ಮಾತೃಕೆಗಳ ಜೋರ್ಡನ್ ರೂಪ, ಜೋರ್ಡನ್–ಹೋಲ್ಡರ್ ಪ್ರಮೇಯ, ಜೋರ್ಡನ್ ಅಳತೆ ಮುಂತಾದವು ಇವರ ಹೆಸರನ್ನು ಹೊತ್ತಿವೆ. ಒಂದು ಗಣದ ಯಾವ ಅಂಶವನ್ನಾದರೂ ಯಾವ ಅಂಶದ ಸ್ಥಾನಕ್ಕಾದರೂ ಒಯ್ಯಬಲ್ಲ ಪರಿವರ್ತನೆಗಳ ಗುಣವಾದ ಸಂಕ್ರಮಣಶೀಲತೆಯನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಇವರು ಅಗ್ರಗಣ್ಯರು.

ಮನೆತನ ಮತ್ತು ಬಾಲ್ಯ

ಜೋರ್ಡನ್ ಅವರು ಫ್ರಾನ್ಸಿನ ಲಿಯೋನ್ ನಗರದಲ್ಲಿ ಜನಿಸಿದರು. ತಂದೆ ಎಸ್ಪ್ರಿ ಅಲೆಕ್ಸಾಂಡರ್ ಜೋರ್ಡನ್ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿದ ಎಂಜಿನಿಯರ್. ತಾಯಿ ಜೋಸೆಫೀನ್ ಹೆಸರಾಂತ ಚಿತ್ರಕಾರ ಪಿಯರ್ ಪುವಿ ದ ಶಾವಾನ್ ಅವರ ಸೋದರಿ. ಸಸ್ಯವಿಜ್ಞಾನಿ ಅಲೆಕ್ಸಿಸ್ ಜೋರ್ಡನ್ ಇದೇ ಬಂಧುವರ್ಗಕ್ಕೆ ಸೇರಿದವರು. ಫ್ರೆಂಚ್ ಕ್ರಾಂತಿಯ ಕಾಲದ ರಾಜಕಾರಣಿಯಾಗಿದ್ದ ಮತ್ತೊಬ್ಬ ಕಮೀಲ್ ಜೋರ್ಡನ್ ಕೂಡ ಈ ಮನೆತನದವರೇ. ಹೀಗೆ ವಿದ್ಯೆ, ಕಲೆ ಮತ್ತು ಸಾರ್ವಜನಿಕ ಸೇವೆ ಮೂರೂ ಒಂದೆಡೆ ಸೇರಿದ್ದ ಪರಿಸರದಲ್ಲಿ ಅವರ ಬಾಲ್ಯ ಕಳೆಯಿತು.

ಶಿಕ್ಷಣ ಮತ್ತು ಎಂಜಿನಿಯರ್ ವೃತ್ತಿ

ಲಿಯೋನ್‌ನಲ್ಲಿ ಆರಂಭದ ಶಿಕ್ಷಣ ಮುಗಿಸಿದ ಜೋರ್ಡನ್ 1855ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಎಕೋಲ್ ಪಾಲಿಟೆಕ್ನಿಕ್ ಪ್ರವೇಶಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಅವರದು ಪ್ರಥಮ ಸ್ಥಾನ. ಅಲ್ಲಿಂದ ಗಣಿ ವಿದ್ಯಾಲಯಕ್ಕೆ ಹೋಗಿ ಎಂಜಿನಿಯರ್ ಆದರು. ಆ ಕಾಲದ ಫ್ರಾನ್ಸಿನಲ್ಲಿ ಗಣಿತದಲ್ಲಿ ಪ್ರತಿಭೆಯುಳ್ಳ ಯುವಕರು ಸರ್ಕಾರಿ ಎಂಜಿನಿಯರ್ ಸೇವೆಗೆ ಸೇರಿ, ಬಿಡುವಿನಲ್ಲಿ ಸಂಶೋಧನೆ ನಡೆಸುವುದು ವಿರಳವೇನಾಗಿರಲಿಲ್ಲ. ಎಕೋಲ್ ಪಾಲಿಟೆಕ್ನಿಕ್‌ನಲ್ಲಿಯೇ ಓದಿದ ಕೋಶಿ ಅವರೂ ಎಂಜಿನಿಯರ್ ಆಗಿಯೇ ವೃತ್ತಿಜೀವನ ಆರಂಭಿಸಿದ್ದರು.

ಜೋರ್ಡನ್ ಮೊದಲು ಪ್ರಿವಾ, ಬಳಿಕ ಶಾಲೋನ್ ಸುರ್ ಸೋನ್, ಅನಂತರ ಪ್ಯಾರಿಸ್‌ನಲ್ಲಿ ಕೆಲಸ ಮಾಡಿದರು. 1861ರ ಜನವರಿಯಲ್ಲಿ ಅವರ ಡಾಕ್ಟರೇಟ್ ಪ್ರಬಂಧದ ಪರೀಕ್ಷೆ ನಡೆಯಿತು. ಪ್ರಬಂಧದ ಒಂದು ಭಾಗ ಮುಂದಿನ ಅವರ ಜೀವಮಾನದ ಕೆಲಸಕ್ಕೆ ಮುನ್ನುಡಿಯಂತಿದೆ. ಹಲವು ಅಕ್ಷರಗಳುಳ್ಳ ಒಂದು ಬೀಜಗಣಿತೀಯ ಉಕ್ತಿಯಲ್ಲಿ ಅಕ್ಷರಗಳನ್ನು ಎಲ್ಲ ರೀತಿಯಲ್ಲೂ ಅದಲುಬದಲು ಮಾಡಿದಾಗ ಆ ಉಕ್ತಿ ಎಷ್ಟು ಬೇರೆ ಬೇರೆ ಬೆಲೆಗಳನ್ನು ಪಡೆಯಬಲ್ಲದು ಎಂಬುದೇ ಅಲ್ಲಿನ ಪ್ರಶ್ನೆ. 1862ರಲ್ಲಿ ಅವರ ವಿವಾಹವಾಯಿತು. ಆರು ಗಂಡು, ಎರಡು ಹೆಣ್ಣು, ಒಟ್ಟು ಎಂಟು ಮಕ್ಕಳು ಜನಿಸಿದರು.

ಕಾಗದದ ಮೇಲಾದರೂ 1885ರವರೆಗೆ ಅವರು ಎಂಜಿನಿಯರ್ ಹುದ್ದೆಯಲ್ಲೇ ಇದ್ದರು. ಅವರು ಬರೆದ ಸುಮಾರು 120 ಲೇಖನಗಳಲ್ಲಿ ಹೆಚ್ಚಿನವು ಈ ಅವಧಿಗೆ ಸೇರಿವೆ.

ಗಾಲ್ವಾ ಅವರ ಉತ್ತರಾಧಿಕಾರ

ಜೋರ್ಡನ್ ಅವರ ಕೊಡುಗೆಯನ್ನು ಅರಿಯಲು ಎವಾರಿಸ್ಟ್ ಗಾಲ್ವಾ ಅವರ ಕಥೆಯನ್ನು ನೆನೆಯಬೇಕಾಗುತ್ತದೆ. ದ್ವಂದ್ವಯುದ್ಧದಲ್ಲಿ ಗಾಯಗೊಂಡ ಗಾಲ್ವಾ 1832ರ ಮೇ 31ರಂದು, ಕೇವಲ 20ನೆಯ ವಯಸ್ಸಿನಲ್ಲಿ ನಿಧನರಾದರು. ಯಾವ ಸಮೀಕರಣಗಳನ್ನು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮತ್ತು ಮೂಲ ತೆಗೆಯುವುದು ಎಂಬ ಕ್ರಿಯೆಗಳಿಂದಲೇ ಬಿಡಿಸಬಹುದು ಎಂಬ ಹಳೆಯ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡಿದ್ದರು. ಆದರೆ ಅವರ ಹಸ್ತಪ್ರತಿಗಳು ತೀರ ಸಂಕ್ಷಿಪ್ತವಾಗಿದ್ದವು. ಜೋಸೆಫ್ ಲಿಯೂವಿಲ್ ತಮ್ಮ ಪತ್ರಿಕೆಯಲ್ಲಿ ಅವನ್ನು ಪ್ರಕಟಿಸಿದ್ದು 1846ರಲ್ಲಿ, ಅಂದರೆ ಲೇಖಕರು ಗತಿಸಿ 14 ವರ್ಷಗಳ ತರುವಾಯ. ಪ್ರಕಟವಾದ ಬಳಿಕವೂ ಅವನ್ನು ಪೂರ್ಣವಾಗಿ ಗ್ರಹಿಸಿದವರು ಕೆಲವರೇ.

ಗಾಲ್ವಾ ಅವರ ಮುಖ್ಯ ಕಲ್ಪನೆ ಹೀಗಿದೆ. ಒಂದು ಸಮೀಕರಣದ ಮೂಲಗಳನ್ನು ಪರಸ್ಪರ ಅದಲುಬದಲು ಮಾಡುವ ಕ್ರಮಯೋಜನೆಗಳಲ್ಲಿ, ಮೂಲಗಳ ನಡುವಿನ ಬೀಜಗಣಿತೀಯ ಸಂಬಂಧಗಳನ್ನೆಲ್ಲ ಕೆಡಿಸದೆ ಉಳಿಸುವಂಥವನ್ನು ಆಯ್ದುಕೊಳ್ಳಬೇಕು. ಇಂಥ ಎರಡು ಕ್ರಮಯೋಜನೆಗಳನ್ನು ಒಂದಾದ ಮೇಲೊಂದರಂತೆ ನಡೆಸಿದರೆ ದೊರೆಯುವುದೂ ಇಂಥದೇ ಒಂದು ಕ್ರಮಯೋಜನೆ. ಪ್ರತಿಯೊಂದನ್ನೂ ಹಿಂದಕ್ಕೆ ತಿರುಗಿಸುವ ವಿಲೋಮವೂ ಇವುಗಳಲ್ಲೇ ಇರುತ್ತದೆ. ಈ ಕೂಟವೇ ಸಮೀಕರಣದ ಸಂಕುಲ. ಸಮೀಕರಣವನ್ನು ಬಿಡಿಸಲು ಬರುವುದೋ ಇಲ್ಲವೋ ಎಂಬುದನ್ನು ಈ ಸಂಕುಲದ ಒಳರಚನೆ ತೀರ್ಮಾನಿಸುತ್ತದೆ.

ಜೋರ್ಡನ್ 1860ರ ದಶಕದಲ್ಲಿ ಈ ಬರಹಗಳನ್ನು ಸಾಲುಸಾಲಾಗಿ ಬಿಡಿಸಿ, ಬಿಟ್ಟುಹೋಗಿದ್ದ ಸಾಧನೆಗಳನ್ನು ತುಂಬತೊಡಗಿದರು. 1869ರಲ್ಲಿ ಜರ್ಮನಿಯ ಒಂದು ಗಣಿತ ಪತ್ರಿಕೆಯಲ್ಲಿ ಗಾಲ್ವಾ ಅವರ ಕೃತಿಗೆ ವ್ಯಾಖ್ಯಾನವೊಂದನ್ನು ಪ್ರಕಟಿಸಿದರು. ಮರುವರ್ಷವೇ ಅವರ ಮಹಾಗ್ರಂಥ ಹೊರಬಂದಿತು.

1870ರ ಗ್ರಂಥ

ಕ್ರಮಯೋಜನೆಗಳು ಮತ್ತು ಬೀಜಗಣಿತೀಯ ಸಮೀಕರಣಗಳನ್ನು ಕುರಿತ ಈ ಗ್ರಂಥ 667 ಪುಟಗಳಷ್ಟು ವಿಸ್ತಾರವಾಗಿದೆ. ಮುನ್ನುಡಿಯಲ್ಲಿ ಜೋರ್ಡನ್ ಇದನ್ನು ಗಾಲ್ವಾ ಅವರ ಕೃತಿಗಳ ವ್ಯಾಖ್ಯಾನವೆಂದಷ್ಟೇ ಬಣ್ಣಿಸಿದ್ದಾರೆ. ವಾಸ್ತವದಲ್ಲಿ ಇದು ವ್ಯಾಖ್ಯಾನದ ಎಲ್ಲೆಯನ್ನು ಬಹುದೂರ ಮೀರಿದೆ. ಅಲ್ಲಿಯತನಕ ಸಮೀಕರಣಗಳ ಸಾಧನವಾಗಿದ್ದ ಸಂಕುಲ ಇಲ್ಲಿ ಸ್ವತಂತ್ರವಾದ ಅಧ್ಯಯನ ವಸ್ತುವಾಯಿತು.

ಒಂದು ಸಂಕುಲವನ್ನು ಹಂತಹಂತವಾಗಿ ಚಿಕ್ಕ ಚಿಕ್ಕ ಉಪಸಂಕುಲಗಳಾಗಿ ಇಳಿಸುತ್ತ ಹೋಗಬಹುದು. ಈ ಇಳಿತವನ್ನು ಬೇರೆ ಬೇರೆ ದಾರಿಗಳಲ್ಲಿ ನಡೆಸಿದರೂ ಹಂತಗಳ ನಡುವಿನ ಅನುಪಾತಗಳು, ಅವುಗಳ ಕ್ರಮವನ್ನು ಬಿಟ್ಟರೆ, ಬದಲಾಗುವುದಿಲ್ಲ ಎಂದು ಜೋರ್ಡನ್ ತೋರಿಸಿದರು. ಒಂದು ಪೂರ್ಣಾಂಕವನ್ನು ಯಾವ ಕ್ರಮದಲ್ಲಿ ಒಡೆದರೂ ಅವೇ ಅವಿಭಾಜ್ಯ ಅಪವರ್ತನಗಳು ದೊರೆಯುವುದಕ್ಕೆ ಇದನ್ನು ಹೋಲಿಸಬಹುದು. 1889ರಲ್ಲಿ ಜರ್ಮನಿಯ ಒಟ್ಟೊ ಹೋಲ್ಡರ್ ಅನುಪಾತಗಳಷ್ಟೇ ಅಲ್ಲ, ಹಂತಗಳ ಭಾಗಲಬ್ಧ ಸಂಕುಲಗಳೂ ಒಂದೇ ರಚನೆಯವು ಎಂದು ಸಾಧಿಸಿದರು. ಇದರಿಂದ ಪ್ರಮೇಯಕ್ಕೆ ಇಬ್ಬರ ಹೆಸರೂ ಬಂದಿತು. ಅವಿಭಾಜ್ಯ ಸಂಖ್ಯೆಗಳನ್ನು ಆಧರಿಸಿದ ಸಾಂತ ಅಂಕಗಣಿತದ ಮೇಲೆ ಕಟ್ಟಿದ ಮಾತೃಕೆಗಳ ಸಂಕುಲಗಳು, ಮೂರನೆಯ ಘಾತದ ಮೇಲ್ಮೈಯ ಮೇಲಿರುವ 27 ಸರಳರೇಖೆಗಳ ಸಂಕುಲ, ಬಿಡಿಸಬಲ್ಲ ಸಮೀಕರಣಗಳ ಸಂಕುಲಗಳು ಮುಂತಾದುವು ಗ್ರಂಥದ ಇತರ ವಿಷಯಗಳು.

ಈ ಗ್ರಂಥಕ್ಕಾಗಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಪೋನ್ಸ್‌ಲೇ ಬಹುಮಾನ ನೀಡಿತು. 1870ರ ವಸಂತದಲ್ಲಿ ಜರ್ಮನಿಯ ಫೆಲಿಕ್ಸ್ ಕ್ಲೈನ್ ಮತ್ತು ನಾರ್ವೆಯ ಸೋಫಸ್ ಲೀ ಎಂಬ ಇಬ್ಬರು ತರುಣರು ಪ್ಯಾರಿಸ್‌ಗೆ ಬಂದು ಜೋರ್ಡನ್ ಅವರ ಸಂಪರ್ಕ ಪಡೆದರು. ಜುಲೈನಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಸಿಡಿದುದರಿಂದ ಆ ಒಡನಾಟ ಮುರಿಯಿತು. ಕ್ಲೈನ್ ಪ್ಯಾರಿಸ್ ಬಿಟ್ಟರು. ಲೀ ಅವರನ್ನು ಗೂಢಚಾರನೆಂಬ ಶಂಕೆಯ ಮೇಲೆ ಕೆಲಕಾಲ ಬಂಧಿಸಲಾಯಿತು. ಆದರೂ ಆ ತಿಂಗಳುಗಳಲ್ಲಿ ಬಿತ್ತಿದ ಬೀಜ ಫಲ ಕೊಟ್ಟಿತು. 1872ರಲ್ಲಿ ಕ್ಲೈನ್ ರೇಖಾಗಣಿತವನ್ನೇ ಸಂಕುಲಗಳ ನೆಲೆಯಲ್ಲಿ ವರ್ಗೀಕರಿಸಿದರು. ಲೀ ಅವಿಚ್ಛಿನ್ನ ಸಂಕುಲಗಳ ಸಿದ್ಧಾಂತವನ್ನು ಕಟ್ಟಿದರು.

ಸಂಕ್ರಮಣಶೀಲತೆಯ ಅಧ್ಯಯನ

ಕ್ರಮಯೋಜನೆಗಳ ಸಂಕುಲವೊಂದು ಯಾವ ಬಿಂದುವನ್ನಾದರೂ ಬೇರೆ ಯಾವ ಬಿಂದುವಿನ ಸ್ಥಾನಕ್ಕಾದರೂ ಒಯ್ಯಬಲ್ಲದಾದರೆ ಅದನ್ನು ಸಂಕ್ರಮಣಶೀಲ ಸಂಕುಲ ಎನ್ನುತ್ತಾರೆ. ಇದನ್ನೇ ಟ್ರಾನ್ಸಿಟಿವ್ ಎಂಬ ಪದ ಸೂಚಿಸುತ್ತದೆ. ಸಂಬಂಧಗಳ ಪಾಠದಲ್ಲಿ ಬರುವ ಇದೇ ಹೆಸರಿನ ಗುಣ ಬೇರೆಯದು. ಸಮೀಕರಣಗಳಿಗೂ ಈ ಗುಣಕ್ಕೂ ನೇರ ನಂಟಿದೆ. ಪುನರಾವರ್ತಿತ ಮೂಲಗಳಿಲ್ಲದ ಸಮೀಕರಣವನ್ನು ಇನ್ನೂ ಕಡಿಮೆ ಘಾತದ ಅಪವರ್ತನಗಳಾಗಿ ಒಡೆಯಲು ಬಾರದಿದ್ದರೆ, ಆಗ ಮಾತ್ರ, ಅದರ ಸಂಕುಲ ಮೂಲಗಳ ಮೇಲೆ ಸಂಕ್ರಮಣಶೀಲವಾಗಿರುತ್ತದೆ.

ಚೌಕದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚೌಕವನ್ನು ಅದೇ ಜಾಗದಲ್ಲಿ ಸರಿಯಾಗಿ ಕೂರುವಂತೆ ತಿರುಗಿಸುವ ಅಥವಾ ಮಗುಚುವ ವಿಧಾನಗಳು 8. ಇವುಗಳಿಂದ ಯಾವ ಮೂಲೆಯನ್ನಾದರೂ ಯಾವ ಮೂಲೆಗಾದರೂ ತರಬಹುದು. ಆದ್ದರಿಂದ ಈ ಸಂಕುಲ ಸಂಕ್ರಮಣಶೀಲ. ಆದರೆ ಒಂದೇ ಬಾಹುವಿನ ಎರಡು ತುದಿಗಳನ್ನು ಕರ್ಣದ ಎರಡು ತುದಿಗಳಿಗೆ ಒಯ್ಯಲು ಸಾಧ್ಯವಿಲ್ಲ. ಹೀಗಾಗಿ ಅದು ದ್ವಿಸಂಕ್ರಮಣಶೀಲವಲ್ಲ. ಸಮ ಚತುಷ್ಫಲಕದ 12 ಆವರ್ತನೆಗಳಾದರೋ ನಾಲ್ಕು ಶೃಂಗಗಳಲ್ಲಿ ಯಾವ ಕ್ರಮಬದ್ಧ ಜೋಡಿಯನ್ನಾದರೂ ಯಾವ ಕ್ರಮಬದ್ಧ ಜೋಡಿಗಾದರೂ ಒಯ್ಯುತ್ತವೆ. ಹೀಗೆಯೇ ಮೂರು, ನಾಲ್ಕು, ಐದು ಬಿಂದುಗಳ ಸಂಕ್ರಮಣವನ್ನೂ ಕಲ್ಪಿಸಬಹುದು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಕಠಿಣವಾದ ನಿಬಂಧನೆ.

ಈ ಮೆಟ್ಟಿಲುಗಳಲ್ಲಿ ಎಷ್ಟು ಎತ್ತರಕ್ಕೆ ಏರಬಹುದು ಎಂಬುದೇ ಜೋರ್ಡನ್ ಅವರ ಪ್ರಶ್ನೆ. ಬಿಂದುಗಳ ಎಲ್ಲ ಕ್ರಮಯೋಜನೆಗಳನ್ನೂ ತೆಗೆದುಕೊಂಡರೆ, ಅಥವಾ ಅವುಗಳಲ್ಲಿ ಸಮ ಎನಿಸಿದ ಅರ್ಧವನ್ನು ತೆಗೆದುಕೊಂಡರೆ, ಮೇಲಿನ ಮೆಟ್ಟಿಲುಗಳು ಸಹಜವಾಗಿಯೇ ಸಿಗುತ್ತವೆ. ಇವೆರಡನ್ನು ಬಿಟ್ಟರೆ ಬೇರೆ ಸಂಕುಲಗಳಿವೆಯೇ ಎಂಬುದು ಕುತೂಹಲದ ವಿಷಯ. ಫ್ರಾನ್ಸಿನವರೇ ಆದ ಎಮಿಲ್ ಮಾತ್ಯು 1861 ಮತ್ತು 1873ರ ಲೇಖನಗಳಲ್ಲಿ ಕೆಲವು ವಿಸ್ಮಯಕರ ಸಂಕುಲಗಳನ್ನು ಬೆಳಕಿಗೆ ತಂದಿದ್ದರು. 11 ಬಿಂದುಗಳ ಮೇಲಿನ ಒಂದು ಸಂಕುಲದಲ್ಲಿ 7920 ಕ್ರಮಯೋಜನೆಗಳಿವೆ. 11, 10, 9, 8ರ ಗುಣಲಬ್ಧವೂ 7920. ಆದ್ದರಿಂದ ನಾಲ್ಕು ಬಿಂದುಗಳ ಒಂದು ಕ್ರಮವನ್ನು ಮತ್ತೊಂದು ಕ್ರಮಕ್ಕೆ ಒಯ್ಯುವ ಕ್ರಮಯೋಜನೆ ಅಲ್ಲಿ ಒಂದು, ಒಂದೇ ಒಂದು. 12 ಬಿಂದುಗಳ ಮೇಲಿನ ಅದರ ಜೊತೆಗಾರ ಸಂಕುಲದಲ್ಲಿ 95040 ಕ್ರಮಯೋಜನೆಗಳಿದ್ದು, ಐದು ಬಿಂದುಗಳಿಗೆ ಇದೇ ಗುಣ ಸಲ್ಲುತ್ತದೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಿಂದುಗಳಿಗೆ ಹೀಗೆ ನಿಖರವಾಗಿ ಸಂಕ್ರಮಣಶೀಲವಾದ ಸಾಂತ ಸಂಕುಲಗಳು, ಸಹಜವಾದ ಆ ಎರಡು ಬಗೆಗಳನ್ನು ಬಿಟ್ಟರೆ, ಇವೆರಡು ಮಾತ್ರ ಎಂದು ಜೋರ್ಡನ್ 1872ರಲ್ಲಿ ಸಾಧಿಸಿದರು. ನಿಖರತೆಯ ನಿಬಂಧನೆಯನ್ನು ಕೈಬಿಟ್ಟ ಪ್ರಶ್ನೆಗೆ ಪೂರ್ಣ ಉತ್ತರ ದೊರೆತದ್ದು ಸಾಂತ ಸರಳ ಸಂಕುಲಗಳ ವರ್ಗೀಕರಣ ಮುಗಿದ ಮೇಲೆ, 20ನೆಯ ಶತಮಾನದ ಕೊನೆಯ ಭಾಗದಲ್ಲಿ.

ಅದೇ ವರ್ಷದ ಮತ್ತೊಂದು ಫಲಿತಾಂಶ ನೋಡಲು ಸರಳ, ಬಳಕೆಯಲ್ಲಿ ವ್ಯಾಪಕ. ಎರಡು ಅಥವಾ ಹೆಚ್ಚು ಬಿಂದುಗಳ ಮೇಲಿನ ಸಾಂತ ಸಂಕ್ರಮಣಶೀಲ ಸಂಕುಲದಲ್ಲಿ, ಯಾವ ಬಿಂದುವನ್ನೂ ತನ್ನ ಸ್ಥಾನದಲ್ಲಿ ಉಳಿಯಗೊಡದ ಕ್ರಮಯೋಜನೆ ಒಂದಾದರೂ ಇದ್ದೇ ಇರುತ್ತದೆ. ಇದರ ಕಾರಣವನ್ನು ಎಣಿಕೆಯಿಂದ ಕಾಣಬಹುದು. ಇಂಥ ಸಂಕುಲದಲ್ಲಿ ಒಂದು ಕ್ರಮಯೋಜನೆ ಕದಲಿಸದೆ ಬಿಡುವ ಬಿಂದುಗಳ ಸರಾಸರಿ ಸಂಖ್ಯೆ ಸರಿಯಾಗಿ 1. ಏನನ್ನೂ ಕದಲಿಸದ ತಟಸ್ಥ ಕ್ರಮಯೋಜನೆ ಎಲ್ಲ ಬಿಂದುಗಳನ್ನೂ ಉಳಿಸುವುದರಿಂದ ಸರಾಸರಿಯನ್ನು ಮೀರುತ್ತದೆ. ಅದನ್ನು ಸರಿದೂಗಿಸಲು ಬೇರೊಂದು ಕ್ರಮಯೋಜನೆ ಸೊನ್ನೆಗೆ ಇಳಿಯಲೇಬೇಕು. ಚೌಕದಲ್ಲಿ ತಟಸ್ಥ ಕ್ರಮಯೋಜನೆ 4 ಮೂಲೆಗಳನ್ನೂ, ಕರ್ಣಗಳ ಮೇಲಿನ ಎರಡು ಮಗುಚುವಿಕೆಗಳು ತಲಾ 2 ಮೂಲೆಗಳನ್ನೂ ಉಳಿಸುತ್ತವೆ. ಒಟ್ಟು 8, ಉಳಿದ 5ರ ಪಾಲಿಗೆ ಸೊನ್ನೆ. ಸಂಖ್ಯಾ ಸಿದ್ಧಾಂತದಲ್ಲೂ ಈ ಪ್ರಮೇಯಕ್ಕೆ ಪರಿಣಾಮಗಳಿವೆ. ಒಂದಕ್ಕಿಂತ ಹೆಚ್ಚಿನ ಘಾತದ, ಒಡೆಯಲಾಗದ, ಪೂರ್ಣಾಂಕ ಗುಣಕಗಳ ಬಹುಪದೋಕ್ತಿಗೆ ಅನಂತ ಅವಿಭಾಜ್ಯ ಸಂಖ್ಯೆಗಳ ಶೇಷಗಣಿತದಲ್ಲಿ ಮೂಲವೇ ಇರುವುದಿಲ್ಲ ಎಂಬುದು ಅವುಗಳಲ್ಲೊಂದು.

1873ರಲ್ಲಿ ಅವರು ಇನ್ನೊಂದು ಮುಖ್ಯ ಪ್ರಮೇಯವನ್ನು ನೀಡಿದರು. ಚೌಕದಲ್ಲಿ ಎದುರುಬದುರು ಮೂಲೆಗಳ ಜೋಡಿಗಳು ಎಂದೂ ಒಡೆಯದೆ ಒಟ್ಟಾಗಿಯೇ ಚಲಿಸುತ್ತವೆ. ಇಂಥ ಒಡೆಯದ ಗುಂಪುಗಳಿಲ್ಲದ ಸಂಕ್ರಮಣಶೀಲ ಸಂಕುಲವನ್ನು ಆದಿಮ ಸಂಕುಲ ಎನ್ನುತ್ತಾರೆ. ಆದಿಮ ಸಂಕುಲವೊಂದರಲ್ಲಿ ಅವಿಭಾಜ್ಯ ಸಂಖ್ಯೆಯಷ್ಟು ಬಿಂದುಗಳನ್ನು ಚಕ್ರಾಕಾರವಾಗಿ ಸರಿಸಿ, ಕನಿಷ್ಠ ಮೂರು ಬಿಂದುಗಳನ್ನು ಕದಲಿಸದೆ ಬಿಡುವ ಕ್ರಮಯೋಜನೆ ಇದ್ದರೆ, ಅದು ಎಲ್ಲ ಕ್ರಮಯೋಜನೆಗಳ ಸಂಕುಲ ಇಲ್ಲವೇ ಸಮ ಕ್ರಮಯೋಜನೆಗಳ ಸಂಕುಲವೇ ಆಗಿರಬೇಕು.

ಅರೆಸಂಕುಲಗಳು ಮತ್ತು ಆಂಶಿಕ ಪರಿವರ್ತನೆಗಳು

ಜೋರ್ಡನ್ ಅಭ್ಯಸಿಸಿದ ಕ್ರಮಯೋಜನೆಗಳೆಲ್ಲ ಎಲ್ಲ ಬಿಂದುಗಳಿಗೂ ಅನ್ವಯಿಸುವಂಥವು, ಹಿಂದಿರುಗಿಸಬಲ್ಲಂಥವು. 20ನೆಯ ಶತಮಾನದಲ್ಲಿ ಈ ಎರಡೂ ನಿಬಂಧನೆಗಳನ್ನು ಸಡಿಲಿಸಲಾಯಿತು. ಕೆಲವು ಬಿಂದುಗಳಿಗೆ ಮಾತ್ರ ಬೆಲೆ ಕೊಟ್ಟು ಉಳಿದವನ್ನು ಬಿಟ್ಟುಬಿಡುವ ಪರಿವರ್ತನೆಗೆ ಆಂಶಿಕ ಪರಿವರ್ತನೆ ಎಂದು ಹೆಸರು. ಇಂಥವನ್ನು ಒಂದಾದ ಮೇಲೊಂದರಂತೆ ನಡೆಸಿದಾಗ ಫಲವೂ ಅದೇ ಕೂಟದಲ್ಲಿದ್ದರೆ ಆ ಕೂಟ ಅರೆಸಂಕುಲ, ಅಂದರೆ ಸೆಮಿಗ್ರೂಪ್. ಮೂರು ಬಿಂದುಗಳ ಮೇಲೆ ಕ್ರಮಯೋಜನೆಗಳು 6, ಪೂರ್ಣ ಪರಿವರ್ತನೆಗಳು 27, ಆಂಶಿಕ ಪರಿವರ್ತನೆಗಳು 64. ಸೋವಿಯತ್ ಒಕ್ಕೂಟದ ವಿಕ್ಟರ್ ವಾಗ್ನರ್ 1952ರಲ್ಲಿಯೂ ಬ್ರಿಟನ್ನಿನ ಗಾರ್ಡನ್ ಪ್ರೆಸ್ಟನ್ 1954ರಲ್ಲಿಯೂ ಪರಸ್ಪರ ಸ್ವತಂತ್ರವಾಗಿ, ಒಂದಕ್ಕೊಂದರಂತೆ ಹೊಂದಿಸುವ ಆಂಶಿಕ ಪರಿವರ್ತನೆಗಳಿಂದ ಮೂಡುವ ವಿಲೋಮ ಅರೆಸಂಕುಲಗಳ ಸಿದ್ಧಾಂತವನ್ನು ರೂಪಿಸಿದರು.

ಸಂಕ್ರಮಣಶೀಲತೆಯ ವ್ಯಾಖ್ಯೆ ಇಲ್ಲಿಗೂ ಬದಲಾಗದೆ ಬರುತ್ತದೆ. ಯಾವ ಎರಡು ಬಿಂದುಗಳನ್ನು ಕೊಟ್ಟರೂ ಮೊದಲನೆಯದನ್ನು ಎರಡನೆಯದಕ್ಕೆ ಒಯ್ಯುವ ಪರಿವರ್ತನೆ ಅರೆಸಂಕುಲದಲ್ಲಿರಬೇಕು. ಆದರೆ ಪರಿಣಾಮಗಳು ಬದಲಾಗುತ್ತವೆ. ಸಂಕುಲದಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ದಾರಿಯಿದ್ದರೆ ಮರಳುವ ದಾರಿಯೂ ಇರುತ್ತದೆ. ಅರೆಸಂಕುಲದಲ್ಲಿ ಆ ಭರವಸೆಯಿಲ್ಲ. ಜೋರ್ಡನ್ ಅವರ 1872ರ ಎಣಿಕೆಯ ಪ್ರಮೇಯವೂ ಇಲ್ಲಿ ನಿಲ್ಲುವುದಿಲ್ಲ. ಎಲ್ಲ ಬಿಂದುಗಳನ್ನೂ ಒಂದೇ ಬಿಂದುವಿಗೆ ತಳ್ಳುವ ಸ್ಥಿರ ಪರಿವರ್ತನೆಗಳನ್ನಷ್ಟೇ ತೆಗೆದುಕೊಂಡರೆ ಅವು ಸಂಕ್ರಮಣಶೀಲ ಅರೆಸಂಕುಲವಾಗುತ್ತವೆ. ಆದರೆ ಪ್ರತಿಯೊಂದು ಪರಿವರ್ತನೆಯೂ ತನ್ನ ಗುರಿಬಿಂದುವನ್ನು ಇದ್ದಲ್ಲಿಯೇ ಇರಿಸುತ್ತದೆ. ಸರಾಸರಿ ಇಲ್ಲಿಯೂ 1. ಸರಿದೂಗಿಸಬೇಕಾದ ತಟಸ್ಥ ಪರಿವರ್ತನೆ ಮಾತ್ರ ಇಲ್ಲ. ಇನ್ನೊಂದು ಉದಾಹರಣೆಯಲ್ಲಿ, ಒಂದೇ ಒಂದು ಬಿಂದುವನ್ನು ಒಂದು ಬಿಂದುವಿಗೆ ಒಯ್ದು ಉಳಿದುದನ್ನು ಬಿಟ್ಟುಬಿಡುವ ಪರಿವರ್ತನೆಗಳಿಗೆ ಶೂನ್ಯ ಪರಿವರ್ತನೆಯನ್ನು ಸೇರಿಸಿದರೆ ಸಂಕ್ರಮಣಶೀಲ ಅರೆಸಂಕುಲ ದೊರೆಯುತ್ತದೆ. ಅದರಲ್ಲಿ ಯಾವ ಪರಿವರ್ತನೆಯೂ ಎರಡು ಬಿಂದುಗಳಿಗೆ ಅನ್ವಯಿಸದಿರುವುದರಿಂದ ದ್ವಿಸಂಕ್ರಮಣದ ಪ್ರಶ್ನೆಯೇ ಏಳದು. ಜೋರ್ಡನ್ ಅವರ ಪ್ರಮೇಯಗಳು ಹಿಂದಿರುಗಿಸಬಲ್ಲ ಗುಣವನ್ನು ಎಷ್ಟರಮಟ್ಟಿಗೆ ಅವಲಂಬಿಸಿವೆ ಎಂಬುದು ಇಂಥ ಹೋಲಿಕೆಯಿಂದ ತಿಳಿಯುತ್ತದೆ.

ಮಾತೃಕೆಗಳ ರೂಪ ಮತ್ತು ಕ್ರೋನೆಕರ್ ವಿವಾದ

1870ರ ಗ್ರಂಥದಲ್ಲಿಯೇ ಜೋರ್ಡನ್ ಮಾತೃಕೆಗಳ ಸರಳ ರೂಪವೊಂದನ್ನು ಕೊಟ್ಟರು. ತಕ್ಕ ನಿರ್ದೇಶಕಗಳನ್ನು ಆರಿಸಿಕೊಂಡರೆ ಯಾವುದೇ ವರ್ಗ ಮಾತೃಕೆಯನ್ನು ಕರ್ಣದ ಉದ್ದಕ್ಕೂ ಚಿಕ್ಕ ಖಂಡಗಳಾಗಿ ಜೋಡಿಸಬಹುದು. ಪ್ರತಿ ಖಂಡದ ಕರ್ಣದಲ್ಲಿ ಒಂದೇ ಸಂಖ್ಯೆ, ಅದರ ಮಗ್ಗುಲಿನ ಸಾಲಿನಲ್ಲಿ 1ಗಳು, ಉಳಿದೆಡೆ ಸೊನ್ನೆ. ಇಂದು ಸಂಕೀರ್ಣ ಸಂಖ್ಯೆಗಳ ಮೇಲೆ ಕಲಿಸಲಾಗುವ ಈ ರೂಪವನ್ನು ಅವರು ಮೊದಲು ಮಂಡಿಸಿದ್ದು ಸಾಂತ ಅಂಕಗಣಿತದ ಸಂದರ್ಭದಲ್ಲಿ.

ಜರ್ಮನಿಯ ಕಾರ್ಲ್ ವೈಯರ್‌ಸ್ಟ್ರಾಸ್ 1868ರಲ್ಲಿ ಇದಕ್ಕೆ ಸರಿಸಮನಾದ ಫಲಿತಾಂಶವನ್ನು ಬೇರೆ ಭಾಷೆಯಲ್ಲಿ ಪ್ರಕಟಿಸಿದ್ದರು. 1874ರಲ್ಲಿ ಲಿಯೋಪೋಲ್ಡ್ ಕ್ರೋನೆಕರ್ ಮತ್ತು ಜೋರ್ಡನ್ ನಡುವೆ ಈ ವಿಷಯವಾಗಿ ಬಹಿರಂಗ ವಾಗ್ವಾದ ನಡೆಯಿತು. ಮೂಲಗಳನ್ನು ಮೊದಲೇ ಕಂಡುಕೊಳ್ಳಬೇಕಾದ ವಿಧಾನ ನಿಜವಾಗಿ ಸಾರ್ವತ್ರಿಕವಲ್ಲ ಎಂಬುದು ಕ್ರೋನೆಕರ್ ಅವರ ಆಕ್ಷೇಪ. ತಮ್ಮ ವಿಧಾನ ಸ್ವತಂತ್ರವಾದುದು ಮತ್ತು ಸರಳವಾದುದು ಎಂಬುದು ಜೋರ್ಡನ್ ಅವರ ನಿಲುವು. ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ ಸಮಯದಲ್ಲಿ ನಡೆದ ಈ ವಿವಾದದ ಹಿಂದೆ ಎರಡು ಬಗೆಯ ಗಣಿತ ದೃಷ್ಟಿಗಳಿದ್ದವು. ಲೆಕ್ಕವನ್ನು ಕೊನೆಯವರೆಗೆ ನಡೆಸಬಲ್ಲ ವಿಧಾನ ಬೇಕೆಂಬುದು ಒಂದು, ರಚನೆಯನ್ನು ಸರಳವಾಗಿ ಕಾಣಿಸುವ ರೂಪ ಬೇಕೆಂಬುದು ಮತ್ತೊಂದು. ಇಂದಿನ ಪಠ್ಯಗಳಲ್ಲಿ ಎರಡಕ್ಕೂ ಸ್ಥಾನವಿದೆ.

1878ರಲ್ಲಿ ಜೋರ್ಡನ್ ಇನ್ನೊಂದು ಪ್ರಮೇಯವನ್ನು ಸಾಧಿಸಿದರು. ನಿಗದಿತ ಗಾತ್ರದ ಮಾತೃಕೆಗಳ ಸಾಂತ ಸಂಕುಲ ಎಷ್ಟೇ ದೊಡ್ಡದಾಗಿರಲಿ, ಅದರೊಳಗೆ ಗುಣಾಕಾರದ ಕ್ರಮ ಲೆಕ್ಕಕ್ಕೆ ಬಾರದಂಥ ಪ್ರಸಾಮಾನ್ಯ ಉಪಸಂಕುಲವೊಂದು ಇರುತ್ತದೆ. ಆ ಉಪಸಂಕುಲಕ್ಕೂ ಇಡೀ ಸಂಕುಲಕ್ಕೂ ಇರುವ ಅನುಪಾತ ಮಾತೃಕೆಯ ಗಾತ್ರವನ್ನು ಮಾತ್ರ ಅವಲಂಬಿಸಿದ ಮಿತಿಯೊಂದನ್ನು ಮೀರುವುದಿಲ್ಲ. ಯಾವ ಅವಕಲ ಸಮೀಕರಣಗಳಿಗೆ ಬೀಜಗಣಿತೀಯ ಪರಿಹಾರಗಳಿವೆ ಎಂಬ ಪ್ರಶ್ನೆ ಇದಕ್ಕೆ ಪ್ರೇರಣೆಯಾಗಿತ್ತು.

ರೇಖಾಗಣಿತ ಮತ್ತು ವಿಶ್ಲೇಷಣ ಗಣಿತ

ಜೋರ್ಡನ್ ಅವರ ಆಸಕ್ತಿ ಬೀಜಗಣಿತಕ್ಕೆ ಸೀಮಿತವಾಗಿರಲಿಲ್ಲ. 1866ರಲ್ಲಿ ಅವರು ಒಂದು ಮೇಲ್ಮೈಯನ್ನು ಹರಿಯದೆ ಹಿಗ್ಗಿಸಿ ಮತ್ತೊಂದಾಗಿ ಮಾಡಲು ಯಾವಾಗ ಸಾಧ್ಯ ಎಂಬುದನ್ನು ವಿವೇಚಿಸಿದರು. ಸ್ಫಟಿಕಗಳ ಕುರಿತ ಬ್ರಾವೇ ಅವರ ಕೆಲಸದಿಂದ ಪ್ರೇರಿತರಾಗಿ 1868–69ರಲ್ಲಿ ಆಕಾಶದಲ್ಲಿನ ಚಲನೆಗಳ ಸಂಕುಲಗಳನ್ನು ಪಟ್ಟಿ ಮಾಡಿದರು. 1869ರಲ್ಲಿ ಗ್ರಾಫ್ ಸಿದ್ಧಾಂತದ ವೃಕ್ಷಗಳಿಗೆ ಒಂದು ಅಥವಾ ಎರಡು ಶೃಂಗಗಳ ಕೇಂದ್ರವಿರುತ್ತದೆ ಎಂದು ತೋರಿಸಿದರು. ತುದಿಯ ಎಲೆಗಳನ್ನು ಸುತ್ತು ಸುತ್ತಾಗಿ ಕಳಚುತ್ತ ಹೋದರೆ ಕೊನೆಗೆ ಉಳಿಯುವುದೇ ಈ ಕೇಂದ್ರ.

1881ರಲ್ಲಿ ಅವರು ಸೀಮಿತ ಏರಿಳಿತವುಳ್ಳ ಫಂಕ್ಷನ್‌ಗಳ ಕಲ್ಪನೆಯನ್ನು ಫೂರಿಯೇ ಶ್ರೇಣಿಗಳ ಅಧ್ಯಯನದಲ್ಲಿ ಮುಂದಿಟ್ಟರು. ಇಂಥ ಫಂಕ್ಷನ್ ಯಾವುದೇ ಇರಲಿ, ಅದು ಇಳಿಯದ ಎರಡು ಫಂಕ್ಷನ್‌ಗಳ ವ್ಯತ್ಯಾಸ. 1892ರಲ್ಲಿ ಒಂದು ಆಕೃತಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಆಯತಗಳಿಂದ ಮುಚ್ಚಿ ಅದರ ವಿಸ್ತೀರ್ಣವನ್ನು ನಿರೂಪಿಸುವ ಅಳತೆಯನ್ನು ವಿವರಿಸಿದರು. ಹತ್ತು ವರ್ಷಗಳ ಬಳಿಕ ಆನ್ರಿ ಲೆಬೆಗ್ ರೂಪಿಸಿದ ವ್ಯಾಪಕ ಸಿದ್ಧಾಂತಕ್ಕೆ ಇದು ಒಂದು ಮೆಟ್ಟಿಲಾಯಿತು.

ವಕ್ರರೇಖಾ ಪ್ರಮೇಯ 1887ರಲ್ಲಿ ಅವರ ವಿಶ್ಲೇಷಣ ಗಣಿತದ ಪಾಠಗ್ರಂಥದಲ್ಲಿ ಕಾಣಿಸಿಕೊಂಡಿತು. ಸಮತಲದಲ್ಲಿ ತನ್ನನ್ನು ತಾನು ಎಲ್ಲೂ ದಾಟದ ಮುಚ್ಚಿದ ವಕ್ರರೇಖೆ ಸಮತಲವನ್ನು ಒಳಗು, ಹೊರಗು ಎಂಬ ಎರಡು ಭಾಗಗಳಾಗಿ ವಿಂಗಡಿಸುತ್ತದೆ ಎಂಬುದೇ ಪ್ರಮೇಯ. ನೆಲದ ಮೇಲೆ ರಂಗೋಲಿಯ ಒಂದು ಸುತ್ತು ಎಳೆದ ಯಾರಿಗೂ ಇದು ಹೇಳಬೇಕಾದ ಮಾತೇ ಅಲ್ಲವೆನಿಸಬಹುದು. ಆದರೆ ಎಲ್ಲಿಯೂ ಸ್ಪರ್ಶರೇಖೆಯಿಲ್ಲದಷ್ಟು ಒರಟಾದ ವಕ್ರರೇಖೆಗಳೂ ಇರುವುದರಿಂದ ಇದನ್ನು ಸಾಧಿಸುವುದು ಸುಲಭವಲ್ಲ. ಇದಕ್ಕೆ ಸಾಧನೆ ಅಗತ್ಯವೆಂದು ಕಂಡದ್ದೇ ಜೋರ್ಡನ್ ಅವರ ಸೂಕ್ಷ್ಮದೃಷ್ಟಿ. 1905ರಲ್ಲಿ ಅಮೆರಿಕದ ಓಸ್ವಾಲ್ಡ್ ವೆಬ್ಲೆನ್ ಹೊಸ ಸಾಧನೆ ನೀಡಿದ ಮೇಲೆ ಜೋರ್ಡನ್ ಅವರದು ದೋಷಯುಕ್ತವೆಂಬ ಅಭಿಪ್ರಾಯ ಬಹುಕಾಲ ಬೇರೂರಿತ್ತು. 2007ರಲ್ಲಿ ಥಾಮಸ್ ಹೇಲ್ಸ್ ಮೂಲ ಸಾಧನೆಯನ್ನು ಮರಳಿ ಪರಿಶೀಲಿಸಿ, ಅದರಲ್ಲಿ ಗಂಭೀರ ದೋಷವಿಲ್ಲವೆಂದು ವಾದಿಸಿದರು.

ಬೋಧನೆ ಮತ್ತು ಸಂಪಾದನೆ

ಜೋರ್ಡನ್ 1873ರಲ್ಲಿ ಎಕೋಲ್ ಪಾಲಿಟೆಕ್ನಿಕ್‌ನ ಪರೀಕ್ಷಕರಾದರು, 1876ರಲ್ಲಿ ಅಲ್ಲಿಯೇ ವಿಶ್ಲೇಷಣ ಗಣಿತದ ಪ್ರಾಧ್ಯಾಪಕರಾದರು. 1883ರಿಂದ ಕಾಲೇಜ್ ದ ಫ್ರಾನ್ಸ್‌ನಲ್ಲಿಯೂ ಪ್ರಾಧ್ಯಾಪಕರಾಗಿದ್ದು, 1912ರಲ್ಲಿ ನಿವೃತ್ತರಾದರು. ಅವರ ಪಾಠಗಳು 1882ರಿಂದ 1887ರವರೆಗೆ ಮೂರು ಸಂಪುಟಗಳಲ್ಲಿ ಅಚ್ಚಾದವು. 1890ರ ದಶಕದ ಎರಡನೆಯ ಆವೃತ್ತಿಯಲ್ಲಿ ಗಣಗಳು, ಸೀಮೆಗಳು ಮತ್ತು ವಕ್ರರೇಖೆಗಳ ವಿವೇಚನೆಯನ್ನು ಆರಂಭಕ್ಕೇ ತಂದು ಇಡೀ ಗ್ರಂಥಕ್ಕೆ ಗಟ್ಟಿಯಾದ ತಳಪಾಯ ಒದಗಿಸಿದರು. ಕೇಂಬ್ರಿಜ್‌ನ ವಿದ್ಯಾರ್ಥಿಯಾಗಿದ್ದ ಜಿ. ಎಚ್. ಹಾರ್ಡಿ ಈ ಗ್ರಂಥವನ್ನು ಓದಿಯೇ ನಿಜವಾದ ಗ‍ಣಿತ ಯಾವುದೆಂಬುದನ್ನು ಅರಿತುದಾಗಿ ಸ್ಮರಿಸಿದ್ದಾರೆ. ಶ್ರೀನಿವಾಸ ರಾಮಾನುಜನ್ ಅವರ ಪತ್ರವನ್ನು 1913ರಲ್ಲಿ ಓದಿ, ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡವರು ಇದೇ ಹಾರ್ಡಿ.

1885ರಲ್ಲಿ ಜೋರ್ಡನ್, ಲಿಯೂವಿಲ್ ಸ್ಥಾಪಿಸಿದ ಗಣಿತ ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡರು. ಗಾಲ್ವಾ ಅವರ ಬರಹಗಳು ಮೊದಲು ಬೆಳಕು ಕಂಡದ್ದು ಇದೇ ಪತ್ರಿಕೆಯಲ್ಲಿ. ಜೀವನದ ಕೊನೆಯವರೆಗೂ ಅವರು ಆ ಹೊಣೆಯನ್ನು ನಿರ್ವಹಿಸಿದರು.

ಮಹಾಯುದ್ಧ ಮತ್ತು ಕೊನೆಯ ವರ್ಷಗಳು

ಜೋರ್ಡನ್ ನಿವೃತ್ತರಾದ ಎರಡೇ ವರ್ಷಗಳಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. 1914ರಿಂದ 1916ರ ನಡುವೆ ಅವರ ಆರು ಗಂಡುಮಕ್ಕಳಲ್ಲಿ ಮೂವರು ರಣರಂಗದಲ್ಲಿ ಮಡಿದರು. ಉಳಿದವರಲ್ಲಿ ಎದುವಾರ್ ಸೋರ್ಬಾನ್‌ನಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. 80ರ ಅಂಚಿನಲ್ಲಿದ್ದ ತಂದೆ ಈ ದುಃಖದ ನಡುವೆಯೂ ಪತ್ರಿಕೆಯ ಕೆಲಸವನ್ನು ಕೈಬಿಡಲಿಲ್ಲ. 1920ರಲ್ಲಿ ಸ್ಟ್ರಾಸ್‌ಬೂರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನಕ್ಕೆ ಅವರನ್ನು ಗೌರವಾಧ್ಯಕ್ಷರನ್ನಾಗಿ ಆರಿಸಲಾಯಿತು. ಯುದ್ಧದ ಕಹಿ ಇನ್ನೂ ಆರಿರದಿದ್ದ ಆ ಸಮ್ಮೇಳನಕ್ಕೆ ಜರ್ಮನಿಯ ಗಣಿತಜ್ಞರಿಗೆ ಆಹ್ವಾನವಿರಲಿಲ್ಲ. ತಮ್ಮ ಗಾಲ್ವಾ ವ್ಯಾಖ್ಯಾನವನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿ, ಜರ್ಮನ್ ತರುಣನೊಬ್ಬನಿಗೆ ದಾರಿ ತೋರಿಸಿದ್ದ ಜೋರ್ಡನ್ ತಮ್ಮ ಜೀವಿತದಲ್ಲಿ ಎರಡು ಬಾರಿ ಈ ಎರಡು ದೇಶಗಳ ವಿದ್ವತ್ ಸಂಬಂಧ ಯುದ್ಧದಿಂದ ಕಡಿದುದನ್ನು ಕಂಡರು. 1922ರ ಜನವರಿ 22ರಂದು, 84ನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ನಿಧನರಾದರು.

ಗೌರವಗಳು ಮತ್ತು ಸ್ಮರಣೆ

1881ರಲ್ಲಿ ಅವರು ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1890ರಲ್ಲಿ ಲೀಜನ್ ಆಫ್ ಆನರ್ ಪದವಿಯ ಅಧಿಕಾರಿ ಶ್ರೇಣಿಯನ್ನು ಪಡೆದರು. 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶಿ ಸದಸ್ಯರಾದರು. ಅವರ ಸಮಗ್ರ ಕೃತಿಗಳು 1961ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟವಾದವು. ಅವರ ಹುಟ್ಟೂರಾದ ಲಿಯೋನ್‌ನ ಗಣಿತ ಸಂಶೋಧನಾ ಸಂಸ್ಥೆಗೆ ಅವರ ಹೆಸರಿಡಲಾಗಿದೆ. 25593ನೆಯ ಸಂಖ್ಯೆಯ ಕ್ಷುದ್ರಗ್ರಹಕ್ಕೂ ಅವರದೇ ಹೆಸರು.

ಹೆಸರಿನ ಗೊಂದಲ

ಗಣಿತದಲ್ಲಿ ಜೋರ್ಡನ್ ಎಂಬ ಹೆಸರು ಬಂದಲ್ಲೆಲ್ಲ ಕಮೀಲ್ ಜೋರ್ಡನ್ ಅವರೇ ಎಂದು ಭಾವಿಸುವುದು ಸರಿಯಲ್ಲ. ರೇಖೀಯ ಸಮೀಕರಣಗಳನ್ನು ಬಿಡಿಸುವ ಗೌಸ್–ಜೋರ್ಡನ್ ವಿಧಾನಕ್ಕೆ ಹೆಸರು ಕೊಟ್ಟವರು ಜರ್ಮನಿಯ ಭೂಮಾಪನ ತಜ್ಞ ವಿಲ್ಹೆಲ್ಮ್ ಜೋರ್ಡನ್. ಜೋರ್ಡನ್ ಬೀಜಗಣಿತಗಳು ಎಂಬ ರಚನೆಗಳು ಭೌತವಿಜ್ಞಾನಿ ಪಾಸ್ಕುವಾಲ್ ಜೋರ್ಡನ್ ಅವರಿಗೆ ಸಂಬಂಧಿಸಿವೆ. ಮಾತೃಕೆಯ ಜೋರ್ಡನ್ ರೂಪ, ವಕ್ರರೇಖಾ ಪ್ರಮೇಯ, ಜೋರ್ಡನ್ ಅಳತೆ, ಜೋರ್ಡನ್–ಹೋಲ್ಡರ್ ಪ್ರಮೇಯ ಮತ್ತು ಕ್ರಮಯೋಜನೆಗಳ ಸಂಕ್ರಮಣಶೀಲತೆಯನ್ನು ಕುರಿತ ಪ್ರಮೇಯಗಳು ಕಮೀಲ್ ಜೋರ್ಡನ್ ಅವರವು.